ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ) ಬಳಗ: ರುಮಟಾಲಜಿ ಡಾಕ್ಟರಿಗೆ ನಿಮ್ಮ ಪ್ರಶ್ನೆಗಳು

ಸವಿತಾ: ಡಾಕ್ಟ್ರೇ, ಆಂಟಿ-ಡಿಎಸ್‌ಡಿಎನ್ಎ ಅನ್ನುವ ರಕ್ತಪರೀಕ್ಷೆ ಪಾಸಿಟಿವ್ ಬಂದಿದೆ. ನನ್ನ ಡಿಎನ್ಎ ಕೆಟ್ಟಿದೆಯಾ?

ಡಾಕ್ಟರ್: ಇಲ್ಲ. ಡಿಎನ್ಎ ವಿರುದ್ಧ ನಿಮ್ಮ ದೇಹವೇ ಆಂಟಿಬಾಡಿ ಮಾಡುತ್ತಿದೆ. ಕಿಡ್ನಿಗೆ ಪೆಟ್ಟಾಗಿದೆಯಾ ತಿಳಿಯೋಕೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ನೋಡಿಸಿ.

ಮಂಜುನಾಥ್: ಲೂಪಸ್‌ಗೆ ಕೊಟ್ಟ ಎಚ್‌ಸಿಕ್ಯೂ (ಹೈಡ್ರಾಕ್ಸಿಕ್ಲೋರೋಕ್ವಿನ್) ಮಾತ್ರೆ ಕಣ್ಣಿಗೆ ತೊಂದರೆಯಂತೆ, ನಿಲ್ಲಿಸಲಾ?

ಡಾಕ್ಟರ್: ನೀವಾಗೇ ನಿಲ್ಲಿಸಬೇಡಿ. ದಿನಕ್ಕೆ ಕೆ.ಜಿ. ತೂಕಕ್ಕೆ 5 ಮಿ.ಗ್ರಾಂ. ದಾಟಬಾರದು. ಶುರುವಿನಲ್ಲಿ ರೆಟಿನಾ ಪರೀಕ್ಷೆ, 5 ವರ್ಷದ ನಂತರ ಪ್ರತಿವರ್ಷ. ಕಿಡ್ನಿ ತೊಂದರೆ ಇದ್ದರೆ ಇನ್ನೂ ಬೇಗ.

ಗೀತಾ: ಸರ್, ಅಣ್ಣನ ಮಗಳಿಗೆ 4 ವರ್ಷ. ಚಳಿ ಬಂತೆಂದರೆ ಕಾಲ್ಬೆರಳು, ಕಿವಿಯಂಚು ನೇರಳೆಯಾಗಿ ಊದಿ ಹುಣ್ಣಾಗುತ್ತದೆ. ಅಣ್ಣನ ದೊಡ್ಡ ಮಗನಿಗೂ ಹೀಗೇ ಇದೆ. ಅತ್ತಿಗೆ ನಮ್ಮ ಸೋದರತ್ತೆ ಮಗಳೇ. ಚಳಿಗೆ ಆಗುತ್ತದೆ ಅಂತ ಮುಲಾಮು ಕೊಟ್ಟಿದ್ದಾರೆ.

ಡಾಕ್ಟರ್: ಗೀತಾ ಅವರೇ, ಇದನ್ನು ಬರೀ ಚಳಿ ಅಂತ ಬಿಡಬೇಡಿ. ಡಿಎನ್ಎ ಇರಬೇಕಾದ್ದು ಜೀವಕೋಶದ ನ್ಯೂಕ್ಲಿಯಸ್ ಒಳಗೆ. ಅದರಾಚೆ ಸಿಕ್ಕರೆ ವೈರಸ್ ನುಗ್ಗಿರಬಹುದು. ಅದನ್ನು ಹಿಡಿಯೋಕೆ ಸಿಗ್ಯಾಸ್ ಅನ್ನುವ ಪ್ರೋಟೀನ್ ಇದೆ, 2013ರಲ್ಲಿ ಡಲ್ಲಾಸ್‌ನ ಜೇಮ್ಸ್ ಚೆನ್ ತಂಡ ಪತ್ತೆ ಮಾಡಿದ್ದು. ಡಿಎನ್ಎ ಅಂಟುವ ತನಕ ಅದು ಸುಮ್ಮನಿರುತ್ತದೆ. ಅಂಟಿದ ಕೂಡಲೇ ಆಕಾರ ಬದಲಾಗಿ, ಜೋಡಿಯಾಗಿ, ಒಂದು ಸಣ್ಣ ಅಣು ತಯಾರಿಸುತ್ತದೆ, ಆ ಅಣು ಸ್ಟಿಂಗ್ ಅನ್ನುವ ಇನ್ನೊಂದು ಪ್ರೋಟೀನನ್ನು ಎಬ್ಬಿಸುತ್ತದೆ, ವೈರಸ್ ವಿರುದ್ಧ ದೇಹವನ್ನು ಎಚ್ಚರಿಸುವ ಇಂಟರ್‌ಫೆರಾನ್ ಏರುತ್ತದೆ, ಉರಿಯೂತ ಶುರು. ಡಿಎನ್ಎ ವೈರಸ್ಸಿನದೋ ನಮ್ಮದೋ ಅಂತ ಸಿಗ್ಯಾಸ್‌ಗೆ ಗೊತ್ತಾಗುವುದಿಲ್ಲ. ಚೂರು ಉದ್ದ ಇದ್ದಷ್ಟೂ ಜಾಸ್ತಿ ಕೆರಳುತ್ತದೆ. ನಮ್ಮದೇ ಚೂರುಗಳನ್ನು ಟ್ರೆಕ್ಸ್1 ಅನ್ನುವ ಎಂಜೈಮ್ ತುಂಡರಿಸಿ ಮುಗಿಸಬೇಕು. ಅದರ ಜೀನ್ ಕೆಟ್ಟಿದ್ದರೆ ಚೂರು ಹಾಗೇ ಉಳಿದು ಉರಿಯೂತ ನಿಲ್ಲುವುದೇ ಇಲ್ಲ, ಚಳಿಯಲ್ಲಿ ಬೆರಳು, ಕಿವಿಗೆ ಹೀಗೇ ಆಗುತ್ತದೆ. ಸಂಬಂಧದಲ್ಲಿ ಮದುವೆಯಾದಾಗ ಕೆಟ್ಟ ಜೀನ್ ಇಬ್ಬರಿಂದಲೂ ಬರುವ ಸಾಧ್ಯತೆ ಜಾಸ್ತಿ. ಇದು ನನ್ನ ಅನುಮಾನ ಅಷ್ಟೇ, ಜೀನ್ ಪರೀಕ್ಷೆ ಆಗಲೇಬೇಕು. ಇಬ್ಬರು ಮಕ್ಕಳನ್ನೂ ಈ ವಾರವೇ ಮಕ್ಕಳ ರುಮಟಾಲಜಿಸ್ಟ್‌ಗೆ ತೋರಿಸಿ. ಇಂಟರ್‌ಫೆರಾನ್ ಕೆಲಸ ತಗ್ಗಿಸುವ ಬ್ಯಾರಿಸಿಟಿನಿಬ್‌ನಂಥ ಔಷಧಿ ಇದೆ. ನಡಿಗೆ, ಮಾತು ತಡವಾಯಿತಾ? ಕೈಕಾಲು ಬಿಗಿ ಇದೆಯಾ?

ನಾಗರಾಜ್: ಬಂದ ಮೆಸೇಜ್: ದಿನಾ ಅಮೃತಬಳ್ಳಿ ಕಷಾಯ ಕುಡಿದರೆ ಡಿಎನ್ಎ ಶುದ್ಧಿ, ಇಮ್ಯೂನಿಟಿ ಡಬಲ್ 🙏

ಡಾಕ್ಟರ್: ಕುಡಿಯಬೇಡಿ. ಲೂಪಸ್‌ನಲ್ಲಿ ಇಮ್ಯೂನಿಟಿ ಈಗಾಗಲೇ ಮಿತಿಮೀರಿದೆ. ಅಮೃತಬಳ್ಳಿ ತಗೊಂಡು ಲಿವರ್ ಕೆಟ್ಟವರ ವರದಿ 2021ರಲ್ಲೇ ಮುಂಬೈಯಿಂದ ಬಂದಿದೆ. ಇಂಥದ್ದನ್ನು ಇಲ್ಲಿ ಹಾಕಬೇಡಿ ಅಂತ ಎಷ್ಟು ಸಲ ಹೇಳಬೇಕು?

ನಾಗರಾಜ್: ನಮ್ಮಜ್ಜಿ ಕುಡಿದೇ 90 ಬದುಕಿದರು.

ಮಂಜುನಾಥ್: ಅಜ್ಜಿಗೆ ಲೂಪಸ್ ಇತ್ತಾ?

ನಾಗರಾಜ್: ಇಂಗ್ಲಿಷ್ ಮಾತ್ರೆ ಮಾರುವವರಿಗೆ ಕಷಾಯ ಕಂಡರೆ ಆಗಲ್ಲ ಬಿಡಿ.

ಮಂಜುನಾಥ್: ಡಾಕ್ಟ್ರು ಪುಕ್ಕಟೆ ಹೇಳ್ತಿದ್ದಾರೆ ಕಣ್ರೀ, ಮರ್ಯಾದೆ ಇರಲಿ.

ಸವಿತಾ: ಡಾಕ್ಟ್ರೇ, ಗರ್ಭಿಣಿಯಾಗಬಹುದಾ?

ಶಶಿಕಲಾ: ಎಚ್‌ಸಿಕ್ಯೂ ಕಣ್ಣಿಗೆ ಕೆಟ್ಟದ್ದಾ?

ಡಾಕ್ಟರ್: ಮೇಲೆ ಓದಿ.

ನಾಗರಾಜ್: ಹೇಗೆ ಮಾತಾಡ್ತಾರೆ ನೋಡಿ!

ಗೀತಾ: ಸರ್, ಮಾತು ಸರಿಯಾಗಿದೆ. ಎರಡು ದಿನದಿಂದ ಮಗುವಿನ ಮುಖ ಊದಿದೆ, ಮೂತ್ರದಲ್ಲಿ ನೊರೆ.

ಡಾಕ್ಟರ್: ಹಾಗಾದರೆ ಕಿಡ್ನಿಗೆ ಪೆಟ್ಟಾಗಿರಬಹುದು, ವಾರ ಕಾಯಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ. ಬಿಪಿ, ಮೂತ್ರ, ಕ್ರಿಯಾಟಿನಿನ್ ಮೊದಲು. ಅಣ್ಣನಿಗೆ ಈಗಲೇ ಫೋನ್ ಮಾಡಿ.