ಬೈಲಕುಪ್ಪೆ ಕ್ಯಾಂಪಿನಲ್ಲೇ ಇದ್ದು ಹಾಡನ್ನು ಬದುಕು ಮಾಡಿಕೊಳ್ಳಬಹುದಾ?

ಕುಶಾಲನಗರದಿಂದ, ಪ್ರಶ್ನೆ

ಜೊತೆಗೆ ಡಿಗ್ರಿ ಓದಿದ ನನ್ನ ಗೆಳತಿ ಹೊಳೆಯಾಚೆ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನವಳು. ಅವಳು ಹುಟ್ಟಿದ್ದು ಅಲ್ಲೇ, ಅವಳಮ್ಮ ಹುಟ್ಟಿದ್ದೂ ಅಲ್ಲೇ. ಆದರೂ ದಾಖಲೆಯಲ್ಲಿ ಇಬ್ಬರೂ ನಿರಾಶ್ರಿತರೇ. ದ್ರಾನ್ಯೆನ್ ಅನ್ನುವ ಟಿಬೆಟನ್ ತಂತಿವಾದ್ಯ ನುಡಿಸುತ್ತಾ ತಾನೇ ಕಟ್ಟಿದ ಹಾಡು ಹಾಡುತ್ತಾಳೆ. ಕೇಳಿದರೆ ಕೈಲಿರುವ ಕೆಲಸ ಮರೆತುಹೋಗುತ್ತೆ, ಅಷ್ಟು ಚೆನ್ನಾಗಿದೆ ಗಂಟಲು. ಚಳಿಗಾಲದಲ್ಲಿ ಮನೆಯವರೆಲ್ಲ ಸ್ವೆಟರ್ ಮಾರಲು ಹೋಗುತ್ತಾರೆ, ಇವಳೂ ಹೋಗುತ್ತಾಳೆ. ನರ್ಸಿಂಗ್ ಸೇರು ಅಂತ ಮನೆಯಲ್ಲಿ ಒತ್ತಾಯ. ಅವಳಿಗೆ ಹಾಡೇ ಬೇಕು. ಕ್ಯಾಂಪಿನಲ್ಲಿದ್ದುಕೊಂಡೇ ಇದು ಆಗುತ್ತಾ? ಧರ್ಮಶಾಲಾಕ್ಕೋ ಬೆಂಗಳೂರಿಗೋ ಹೋಗಲೇಬೇಕಾ? ಗೊತ್ತಿರುವವರು ದಯವಿಟ್ಟು ಬರೆಯಿರಿ, ಅವಳಿಗೆ ಓದಿ ಹೇಳುತ್ತೇನೆ.

ಮೈಸೂರಿನ ರೆಕಾರ್ಡಿಂಗ್ ಸ್ಟುಡಿಯೋದವರು

ಆಗುತ್ತೆ. ಆದರೆ ಸ್ಟುಡಿಯೋಗೆ ದುಡ್ಡು ಕಟ್ಟುವ ಮೊದಲು ಕ್ಯಾಂಪಿನಲ್ಲೇ ಮಾಡಿ ಮುಗಿಸಬಹುದಾದ ಕೆಲಸ ತುಂಬಾ ಇದೆ. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುತ್ತಾ ಹಾಡಿನ ಸಾಲು ತಿದ್ದುತ್ತಾ ಕೂತರೆ ದುಡ್ಡು ನೀರಿನ ಹಾಗೆ ಹೋಗುತ್ತೆ. ಮನೆಯಲ್ಲೇ ಮೊಬೈಲ್‌ನಲ್ಲಿ ತಾಳ ತಪ್ಪದ ಹಾಗೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಹಾಕಿಕೊಂಡು ಹಾಡಿ ಇಡಲಿ. ಬಟ್ಟೆಯ ಬೀರು ತೆರೆದು ಅದರ ಮುಂದೆ ನಿಂತು, ಬಾಗಿಲಿಗೆ ದಪ್ಪ ಕಂಬಳಿ ಇಳಿಬಿಟ್ಟರೆ ಗೋಡೆಯ ಪ್ರತಿಧ್ವನಿ ಎಷ್ಟೋ ಕಡಿಮೆ. ಮಠದ ಉದ್ದ ಕಹಳೆ ಊದುವ ಹೊತ್ತು ಯಾವುದು, ನಾಯಿ ಬೊಗಳುವ ಹೊತ್ತು ಯಾವುದು ಅಂತ ಅವಳಿಗೆ ಗೊತ್ತೇ ಇರುತ್ತೆ. ಅದು ತಪ್ಪಿಸಿ ಹಾಡಿದರೆ ಸಾಕು.

ಇನ್ನು ದ್ರಾನ್ಯೆನ್. ಆರು ತಂತಿ, ಎರಡೆರಡರ ಮೂರು ಜೋಡಿ. ಜೋಡಿಯಲ್ಲಿ ಒಂದು ತಂತಿ ಕೂದಲೆಳೆಯಷ್ಟು ಇಳಿದರೂ ಮೈಕ್ ಮುಂದೆ ಅದು ಕಿವಿಗೆ ಚುಚ್ಚುತ್ತೆ. ಚರ್ಮ ಹೊದಿಸಿದ ವಾದ್ಯವಾದರೆ ಮಳೆಗಾಲದ ತೇವಕ್ಕೆ ಚರ್ಮ ಸಡಿಲ, ದನಿ ಮಂಕು. ಹೊರಗಿನಿಂದ ತಂದು ಏಸಿ ರೂಮಿನಲ್ಲಿಟ್ಟ ತಕ್ಷಣ ಶ್ರುತಿ ಓಡುತ್ತೆ. ವಾದ್ಯವನ್ನು ಚೀಲದಿಂದ ತೆಗೆದು ಅರ್ಧ ಗಂಟೆಯಾದರೂ ಆ ರೂಮಿನಲ್ಲಿ ಸುಮ್ನೆ ಬಿಡಿ, ಆಮೇಲೆ ಶ್ರುತಿ ಮಾಡಿ. ಈ ವಾದ್ಯ ಕಂಡಿರದ ರೆಕಾರ್ಡಿಸ್ಟ್‌ಗಳು ಗಿಟಾರ್‌ಗೆ ಇಟ್ಟ ಹಾಗೆ ಮೈಕ್ ಇಟ್ಟುಬಿಡುತ್ತಾರೆ. ಎಲ್ಲಿಟ್ಟರೆ ಚೆನ್ನಾಗಿ ಕೇಳುತ್ತೆ ಅಂತ ಅವಳೇ ಹೇಳಲಿ, ಸಂಕೋಚ ಬೇಡ.

ಮುಂಡಗೋಡ ಕ್ಯಾಂಪಿನಿಂದ, ಲ್ಹಾಮೊ ತಂಡದ ಹಿರಿಯರು

ಮಗಳೇ, ನಿನ್ನ ಗೆಳತಿಗೆ ಹೇಳು. ಲ್ಹಾಮೊ ತಂಡಕ್ಕೆ ಸೇರಲಿ. ಇದು ನಮ್ಮ ಬಯಲಾಟ ಅಂದುಕೋ. ಬಯಲಿನಲ್ಲಿ ನಿಂತು, ಡೋಲು ಮತ್ತು ತಾಳದ ಸದ್ದನ್ನು ಮೀರಿ ಹಾಡಬೇಕು. ಅಲ್ಲಿ ಪಳಗಿದ ಗಂಟಲು ಮೈಕ್ ಸಿಕ್ಕಾಗ ಹೆದರುವುದಿಲ್ಲ. ತೋಶೆ ಹಾಡುಗಳನ್ನೂ ಕಲಿಯಲಿ. ಮೊದಲು ನಿಧಾನ, ಆಮೇಲೆ ಚುರುಕು, ಕಾಲು ತಾನಾಗಿ ಕುಣಿಯಬೇಕು. ಹಾಡು ಕಟ್ಟುವ ಲೆಕ್ಕಾಚಾರವೆಲ್ಲ ಅದರಲ್ಲೇ ಇದೆ.

ಬುಧವಾರ ಸಂಜೆ ಗೋರ್ಶೆಗೆ ಸೇರುತ್ತಾರಲ್ಲ, ಕೈ ಕೈ ಹಿಡಿದು ಸುತ್ತು ಕುಣಿಯುವುದು, ಅಲ್ಲಿ ತನ್ನ ಹೊಸ ಹಾಡು ಹಾಡಿ ನೋಡಲಿ. ಎರಡನೇ ಸುತ್ತಿಗೆ ಅಜ್ಜಿಯರು ದನಿಗೂಡಿಸಿದರೆ ಆ ಹಾಡು ಗೆದ್ದಿತು. ಯಾರೂ ದನಿ ಸೇರಿಸದಿದ್ದರೆ ಮನೆಗೆ ಹೋಗಿ ತಿದ್ದಬೇಕು. ಇಂಥ ಕೇಳುಗರು ಬೆಂಗಳೂರಿನಲ್ಲಿ ಸಿಗುವುದಿಲ್ಲ.

ಧರ್ಮಶಾಲಾದಲ್ಲಿ ಕಲಿತು ಬಂದವರು

ಹಿರಿಯರ ಮಾತಿಗೆ ಅಡ್ಡ ಬರುತ್ತಿಲ್ಲ, ಆದರೆ ಶಿಸ್ತಿನ ಕಲಿಕೆ ಬೇಕು ಅಂದರೆ ಧರ್ಮಶಾಲಾಕ್ಕೆ ಹೋಗುವುದೇ ಒಳ್ಳೆಯದು. ಅಲ್ಲಿನ ಟಿಬೆಟನ್ ಇನ್‌ಸ್ಟಿಟ್ಯೂಟ್ ಆಫ್ ಪರ್ಫಾರ್ಮಿಂಗ್ ಆರ್ಟ್ಸ್ ಶುರುವಾಗಿದ್ದು 1959ರಲ್ಲಿ, ದೇಶ ಬಿಟ್ಟು ಬಂದ ವರ್ಷವೇ. ಉಳಿದುಕೊಳ್ಳಲು ನೆಲೆ ಇಲ್ಲದ ಹೊತ್ತಿನಲ್ಲೂ ಹಾಡು ಉಳಿಸಬೇಕು ಅಂತ ಹೊರಟರಲ್ಲ, ಅದನ್ನು ನೆನೆದರೆ ನನಗೆ ಈಗಲೂ ಎದೆ ತುಂಬುತ್ತದೆ. ಟಿಬೆಟನ್ ಹಾಡುಗಾರ ಟೆಚುಂಗ್ ಚಿಕ್ಕಂದಿನಲ್ಲೇ ಅಲ್ಲಿ ಕಲಿತವರು. ತೆನ್‌ಜಿನ್ ಚೋಗ್ಯಾಲ್ ಅನ್ನುವ ಇನ್ನೊಬ್ಬ ಹಾಡುಗಾರ ಬೆಳೆದದ್ದೂ ಧರ್ಮಶಾಲಾದಲ್ಲೇ, ಈಗ ಆಸ್ಟ್ರೇಲಿಯಾದಲ್ಲಿದ್ದಾರೆ. ಅವರು ಅಮೆರಿಕದ ಕಲಾವಿದೆ ಲೋರಿ ಆಂಡರ್ಸನ್ ಜೊತೆ ಮಾಡಿದ ಆಲ್ಬಂ 2021ರ ಗ್ರ್ಯಾಮಿಗೆ ನಾಮನಿರ್ದೇಶನ ಆಗಿತ್ತು. ಒಂದು ಮಾತು ನಿಜ, ಇಬ್ಬರೂ ಹೆಸರು ಮಾಡಿದ್ದು ಹೊರದೇಶಕ್ಕೆ ಹೋದ ಮೇಲೆ. ಆ ದಾರಿ ಎಲ್ಲರಿಗೂ ತೆರೆದಿರುವುದಿಲ್ಲ.

ಪಿರಿಯಾಪಟ್ಟಣದ ವಕೀಲೆ

ಹಾಡಿನ ವಿಷಯ ಬಲ್ಲವರು ಹೇಳಿದ್ದಾರೆ. ನಾನು ಕಾಗದಪತ್ರದ್ದು ಹೇಳುತ್ತೇನೆ. ಟೊರಾಂಟೊ, ನ್ಯೂಯಾರ್ಕ್, ಸ್ವಿಟ್ಜರ್ಲೆಂಡ್‌ನ ಟಿಬೆಟನ್ನರು ತಮ್ಮ ಹೊಸವರ್ಷದ ಲೋಸಾರ್ ಹಬ್ಬಕ್ಕೆ ಹಾಡುಗಾರರನ್ನು ಕರೆಸುತ್ತಾರೆ. ಕರೆ ಬಂದ ಮೇಲೆ ಓಡಾಡಿದರೆ ಹಬ್ಬವೇ ಮುಗಿದಿರುತ್ತೆ. ಇಲ್ಲಿರುವ ಟಿಬೆಟನ್ನರಿಗೆ ಕೊಡುವ ನೋಂದಣಿ ಪತ್ರ, ಅಂದರೆ ಆರ್‌ಸಿ, ಅದರ ನವೀಕರಣ ಬಾಕಿ ಇರಬಾರದು. ಪಾಸ್‌ಪೋರ್ಟ್ ಬದಲಿಗೆ ಭಾರತ ಸರ್ಕಾರ ಕೊಡುವ ಐಸಿ, ಅದೇ ಹಳದಿ ಪುಸ್ತಕ, ಈಗಲೇ ಅರ್ಜಿ ಹಾಕಿ ತೆಗೆದಿಟ್ಟುಕೊಳ್ಳಲಿ. ಹೋಗುವ ದೇಶದ ವೀಸಾ ಬೇರೆ, ಇಲ್ಲಿಂದ ಹೊರಡಲು ಮತ್ತು ವಾಪಸ್ ಬರಲು ಅನುಮತಿ ಬೇರೆ.

ಇನ್ನೊಂದು ಮುಖ್ಯ ವಿಷಯ. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಅಂತ ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದೆ. ತಾಯಿ ಆ ಅವಧಿಯಲ್ಲಿ ಹುಟ್ಟಿ, ಮಗಳು 2004ರ ಡಿಸೆಂಬರ್ 3ರ ಮೊದಲು ಹುಟ್ಟಿದ್ದರೆ ಮಗಳೂ ಹಕ್ಕು ಕೇಳಬಹುದು. ಆದರೆ 2017ರಲ್ಲಿ ಪಾಸ್‌ಪೋರ್ಟ್ ಕಚೇರಿಗಳಿಗೆ ಹೋದ ಸೂಚನೆಯಲ್ಲಿ ಷರತ್ತುಗಳಿದ್ದವು. ಆರ್‌ಸಿ, ಐಸಿ ರದ್ದು ಮಾಡಿಸಬೇಕು, ಕ್ಯಾಂಪಿನಲ್ಲಿ ವಾಸ ಇರಬಾರದು. ಅಂದರೆ ಪಾಸ್‌ಪೋರ್ಟ್ ಬೇಕಾದರೆ ಮನೆ ಬಿಡು ಅಂದ ಹಾಗೆ. ನನಗೆ ಇದು ಅನ್ಯಾಯ ಅಂತಲೇ ಅನ್ನಿಸುತ್ತದೆ. ಅರ್ಜಿ ಹಾಕುವ ಮೊದಲು ಈಗಿನ ನಿಯಮ ಏನಿದೆ ಅಂತ ವಕೀಲರ ಹತ್ತಿರ ಕೂತು ನೋಡಿ, ಮನೆಯವರೆಲ್ಲ ಸೇರಿ ತೀರ್ಮಾನಿಸಿ.

ವಿದೇಶದ ಸಂಗೀತಗಾರರು ಬಂದು ಕ್ಯಾಂಪಿನಲ್ಲೇ ಉಳಿದು ಜೊತೆಗೆ ನುಡಿಸಬೇಕು ಅಂದರೆ ಅವರಿಗೂ ಮೊದಲೇ ಅನುಮತಿ ಬೇಕು. ಅದಕ್ಕೆ ಪಿಎಪಿ ಅಂತಾರೆ.

ಕುಶಾಲನಗರದಿಂದ, ಕೇಳಿದವಳು

ತುಂಬಾ ಥ್ಯಾಂಕ್ಸ್ ಮೇಡಂ, ಎಲ್ಲರಿಗೂ. ಅವಳ ಅಮ್ಮ ಹುಟ್ಟಿದ್ದು 1974ರಲ್ಲಿ, ಈ ವಿಷಯ ಮನೆಯಲ್ಲಿ ಮಾತಾಡುತ್ತಾರಂತೆ. ಇನ್ನೊಂದು ಡೌಟು. ಅವಳ ಹೆಸರಲ್ಲೂ ತೆನ್‌ಜಿನ್ ಇದೆ. ಅದೇ ಹೆಸರಲ್ಲಿ ಹಾಡು ಬಿಡಬಹುದಾ?

ಬೆಂಗಳೂರು, ಹಾಡುಗಳ ಆನ್‌ಲೈನ್ ಬಿಡುಗಡೆ ನೋಡಿಕೊಳ್ಳುವವರು

ಬೇಡ. ದಲೈ ಲಾಮಾ ಅವರ ಹೆಸರಿನಿಂದ ಬಂದಿದ್ದರಿಂದ ಮನೆಗೊಬ್ಬರು ತೆನ್‌ಜಿನ್ ಇರುತ್ತಾರೆ. ಆ್ಯಪ್‌ಗಳಲ್ಲಿ ಒಬ್ಬರ ಹಾಡು ಇನ್ನೊಬ್ಬರ ಪುಟಕ್ಕೆ ಹೋಗಿ ಕೂರುತ್ತೆ. ಬೇರೆ ಯಾರಿಗೂ ಇಲ್ಲದ ಹೆಸರು ಇಟ್ಟುಕೊಳ್ಳಲಿ. ಆದರೆ ಆರ್‌ಸಿ, ಪಾನ್, ಬ್ಯಾಂಕ್ ಮೂರರಲ್ಲೂ ನಿಜವಾದ ಹೆಸರಿನ ಸ್ಪೆಲ್ಲಿಂಗ್ ಒಂದೇ ಇರಬೇಕು. ಒಂದು ಅಕ್ಷರ ಹೆಚ್ಚುಕಮ್ಮಿ ಆದರೂ ದುಡ್ಡು ನಿಲ್ಲುತ್ತೆ.

ದುಡ್ಡಿನ ವಿಷಯಕ್ಕೆ ಬಂದರೆ, ಯೂಟ್ಯೂಬ್ ಜಾಹೀರಾತಿನ ಪಾಲು ಬರಲು 1,000 ಚಂದಾದಾರರು ಮತ್ತು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಬೇಕು. ದಾಟಿದರೂ ಅದರಿಂದಲೇ ಜೀವನ ನಡೆಯಲ್ಲ. ದೇಶ ಬಿಟ್ಟು ಬಂದ ಟಿಬೆಟನ್ನರು ಪ್ರಪಂಚದಲ್ಲೆಲ್ಲ ಸೇರಿ ಒಂದೂಕಾಲು ಲಕ್ಷದ ಆಸುಪಾಸು. ವೇದಿಕೆ ಕಾರ್ಯಕ್ರಮ, ಮದುವೆ, ಆನ್‌ಲೈನ್ ಪಾಠದಿಂದ ಬರುವುದೇ ಜಾಸ್ತಿ. ವಿದೇಶದಲ್ಲಿ ಹುಟ್ಟಿದ ಮಕ್ಕಳಿಗೆ ದ್ರಾನ್ಯೆನ್ ಕಲಿಸಿ ಅಂತ ಕೇಳುವ ತಂದೆತಾಯಿ ಇದ್ದಾರೆ. ಅದಕ್ಕೆ ಕ್ಯಾಂಪು ಬಿಡಬೇಕಾಗಿಲ್ಲ, ಒಳ್ಳೆಯ ಇಂಟರ್‌ನೆಟ್ ಇದ್ದರೆ ಆಯಿತು.

ಬೈಲಕುಪ್ಪೆಯವಳು, ಬೆಂಗಳೂರಿನಲ್ಲಿ ನರ್ಸ್

ನಾನೂ ಹಾಡುತ್ತೇನೆ ಅಕ್ಕಾ. ನರ್ಸಿಂಗ್ ಮಾಡಿದ್ದರಿಂದ ಹಾಡು ಸಾಯಲಿಲ್ಲ, ಆದರೆ ನೈಟ್ ಶಿಫ್ಟ್ ಮುಗಿಸಿ ಬಂದ ದಿನ ಗಂಟಲು ಏಳುವುದಿಲ್ಲ. ಅವಳಿಗೆ ಹಾಡೇ ಮುಖ್ಯ ಅಂದರೆ ಸ್ವೆಟರ್ ವ್ಯಾಪಾರವೇ ಮೇಲು. ಅದು ಅಕ್ಟೋಬರ್‌ನಿಂದ ಜನವರಿವರೆಗೆ, ಉಳಿದ ತಿಂಗಳು ಅವಳದು. ಎಲ್ಲರೂ ಹೊಸ ಹಾಡು ಬಿಡುವುದು ಲೋಸಾರ್‌ಗೆ, ಫೆಬ್ರವರಿಯಲ್ಲೋ ಮಾರ್ಚ್‌ನಲ್ಲೋ. ಅಂಗಡಿ ಮುಚ್ಚಿ ಬಂದ ಮೇಲೆ ರೆಕಾರ್ಡಿಂಗ್ ಅಂದುಕೊಂಡರೆ ಟೈಮ್ ಸಾಲಲ್ಲ. ಸೆಪ್ಟೆಂಬರ್ ಒಳಗೆ ಹಾಡಿ ಮುಗಿಸಲಿ. ಮಿಕ್ಸಿಂಗ್ ನೋಡಿ ಒಪ್ಪಿಗೆ ಕೊಡುವುದನ್ನು ಅಂಗಡಿಯಲ್ಲಿ ಕೂತೇ ಫೋನಿನಲ್ಲಿ ಮಾಡಬಹುದು. ಬೆಂಗಳೂರಿಗೆ ಸ್ವೆಟರ್ ಮಾರಲು ಬಂದರೆ ನಮ್ಮ ರೂಮಿನಲ್ಲಿ ಉಳಿಯಲಿ, ಬಾಡಿಗೆ ಬೇಡ. ಒಳ್ಳೆಯ ಹೆಡ್‌ಫೋನ್ ಇದೆ, ಮಿಕ್ಸಿಂಗ್ ಇಬ್ಬರೂ ಕೂತು ಕೇಳೋಣ.