ಸಹಾಯ ಬೇಕು: ಕ್ಯಾಲೊರಿ ಲೆಕ್ಕ ಸರಿ ಇದೆ, ತೂಕ ಮಾತ್ರ ಇಳಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಐದು ವಾರದಿಂದ ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿನ್ನುತ್ತಿದ್ದೇನೆ. ಹಾಗಂತ ಅಂದುಕೊಂಡಿದ್ದೇನೆ! ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಆ ಲೆಕ್ಕದಲ್ಲಿ ವಾರಕ್ಕೆ ಅರ್ಧ ಕಿಲೋದ ಹತ್ತಿರ ಇಳಿಯಬೇಕು, ಅಲ್ವಾ? ಮೊದಲ ವಾರ ಒಂದೂವರೆ ಕಿಲೋ ಇಳಿಯಿತು (ಜಾಸ್ತಿ ಪಾಲು ನೀರೇ ಅಂತ ಆಮೇಲೆ ಗೊತ್ತಾಯಿತು). ಅಲ್ಲಿಂದ ಮುಳ್ಳು ಅಲ್ಲಾಡಿಲ್ಲ.

ನಿನ್ನೆ ಸುಮ್ನೆ ಅಡುಗೆ ಎಣ್ಣೆ ಅಳೆದು ನೋಡಿದೆ. ಕಣ್ಣಳತೆಯಲ್ಲಿ ಒಂದು ಚಮಚ ಅಂದುಕೊಂಡಿದ್ದು ಮೂರು ಚಮಚ ಇತ್ತು. ದೊಡ್ಡ ಚಮಚ ಒಂದಕ್ಕೇ ಸುಮಾರು 120 ಕ್ಯಾಲೊರಿ. ಕಳ್ಳ ಇಲ್ಲೇ ಇದ್ದಾನಾ?

ಇನ್ನೊಂದು ಗೊಂದಲ. ವಾಕಿಂಗ್ ಆದಮೇಲೆ ವಾಚ್ 300 ಕ್ಯಾಲೊರಿ ಕರಗಿತು ಅಂತ ತೋರಿಸುತ್ತದೆ. ಅಷ್ಟನ್ನೂ ಮತ್ತೆ ತಿನ್ನಬಹುದಾ? ಅನುಭವ ಇದ್ದವರು ಹೇಳಿ. ಊಟ ಬಿಡಿ ಅನ್ನೋ ಸಲಹೆ ಮಾತ್ರ ಬೇಡ.