ಸುಂಕದ ಭಾರವನ್ನು ನೀವೇ ಹೊರಿ ಎನ್ನುವ ವಿದೇಶಿ ಗ್ರಾಹಕರಿಗೆ ಏನೆಂದು ಉತ್ತರಿಸಬೇಕು?

ಪ್ರಶ್ನೆ: ಉದ್ಯಮಬಾಗ, ಬೆಳಗಾವಿ. ಸೆಪ್ಟೆಂಬರ್ 2025

ಮಾನ್ಯರೇ, ತಂದೆಯವರು ಆರಂಭಿಸಿದ ಸಣ್ಣ ಮಷೀನ್ ಶಾಪನ್ನು ಎರಡು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ನಮ್ಮ ಉಕ್ಕಿನ ಯಂತ್ರಭಾಗಗಳಲ್ಲಿ ಮೂರನೆಯ ಒಂದು ಪಾಲು ಅಮೆರಿಕದ ಒಬ್ಬರೇ ಗ್ರಾಹಕರಿಗೆ ಹೋಗುತ್ತದೆ. ಆಗಸ್ಟ್ 27ರಿಂದ ಭಾರತದ ಸರಕಿನ ಮೇಲೆ ಅಲ್ಲಿನ ಸುಂಕ ಶೇ 50ಕ್ಕೆ ಏರಿದೆ. ಆದ್ದರಿಂದ ಬೆಲೆಯಲ್ಲಿ ಶೇ 15 ಇಳಿಸಬೇಕು, ಇಲ್ಲವೇ ಸುಂಕವನ್ನೂ ನಾವೇ ಕಟ್ಟಿ ಅವರ ಗೋದಾಮಿನ ಬಾಗಿಲಿಗೆ ತಲುಪಿಸುವ ಡಿಡಿಪಿ ಷರತ್ತಿಗೆ ಒಪ್ಪಬೇಕು, ಆಗದಿದ್ದರೆ ವಿಯೆಟ್ನಾಂ ಕಡೆಗೆ ನೋಡುತ್ತೇವೆ ಎಂದು ಅವರು ಬರೆದಿದ್ದಾರೆ. ಎಣ್ಣೆ ಸವರಿ, ಪ್ಲಾಸ್ಟಿಕ್ ಸುತ್ತಿ ಮುಚ್ಚಿದ ಹನ್ನೊಂದು ಕಟ್ಟಿಗೆಯ ಪೆಟ್ಟಿಗೆಗಳು ಗೋಡೆಗೆ ಒತ್ತಿಕೊಂಡು ನಿಂತಿವೆ. ಇಂಥ ಪರಿಸ್ಥಿತಿಯನ್ನು ಕಂಡವರು ದಯವಿಟ್ಟು ತಮ್ಮ ಅನುಭವವನ್ನು ತಿಳಿಸಬೇಕು.

ಉತ್ತರ: ಮಚ್ಛೆ, ಬೆಳಗಾವಿ. ಉಕ್ಕಿನ ಫ್ಲ್ಯಾಂಜ್ ತಯಾರಕರು, 2025

ತಮ್ಮಾ, ಮೊದಲಿಗೆ ಒಂದು ಮಾತು. ಡಿಡಿಪಿಗೆ ಮಾತ್ರ ಒಪ್ಪಬೇಡಿ. ಈ ವರ್ಷದ ಆರಂಭದಲ್ಲಿ ನಾನು ಒಪ್ಪಿ ಕೈಸುಟ್ಟುಕೊಂಡಿದ್ದೇನೆ.

ಉಕ್ಕಿನ ಮೇಲಿನ ಶೇ 25ರ ಸುಂಕ ಮಾರ್ಚ್ 12ರಂದು ಜಾರಿಗೆ ಬಂದಾಗ, ಇದಕ್ಕಿಂತ ಮೇಲೆ ಹೋಗಲಾರದೆಂದು ಲೆಕ್ಕ ಹಾಕಿ, ಸುಮಾರು 18 ಲಕ್ಷ ರೂಪಾಯಿಯ ಸರಕನ್ನು ಡಿಡಿಪಿ ಷರತ್ತಿನ ಮೇಲೆ ಕಳುಹಿಸಿದೆ. ಮೇ ಮೊದಲ ವಾರದಲ್ಲಿ ನ್ಹಾವಾ ಶೇವಾ ಬಂದರಿನಿಂದ ಹೊರಟ ಹಡಗು ಜೂನ್ ಎರಡನೆಯ ವಾರದಲ್ಲಿ ಅಲ್ಲಿಗೆ ಮುಟ್ಟಿತು. ಅಷ್ಟರಲ್ಲಿ, ಜೂನ್ 4ರಂದು, ಸುಂಕ ಶೇ 50 ಆಗಿತ್ತು. ಹಡಗು ಏರಿದ ದಿನವನ್ನು ಯಾರೂ ಪರಿಗಣಿಸಲಿಲ್ಲ, ಅಲ್ಲಿನ ಕಸ್ಟಮ್ಸ್‌ನಲ್ಲಿ ನಮೂದಾದ ದಿನವೇ ಲೆಕ್ಕಕ್ಕೆ ಬಂದಿತು. ನಾಲ್ಕೂವರೆ ಲಕ್ಷ ಎಂದುಕೊಂಡಿದ್ದ ಸುಂಕ ಒಂಬತ್ತು ಲಕ್ಷದ ಹತ್ತಿರ ಹೋಯಿತು. ಸರಕು ಸಮುದ್ರದ ನಡುವೆ ಇರುವಾಗ ನಾವು ಇಲ್ಲಿ ಕುಳಿತು ಮಾಡುವುದೇನಿತ್ತು? ಎಫ್‌ಒಬಿ ಆಗಿದ್ದರೆ ನನ್ನ ಹೊಣೆ ಹಡಗಿನ ಮೇಲೆ ಸರಕು ಏರಿದಲ್ಲಿಗೆ ಮುಗಿಯುತ್ತಿತ್ತು.

ಆಗಸ್ಟ್ 27ರ ಆದೇಶ ಮಾತ್ರ ಹಾಗಿರಲಿಲ್ಲ. ಆ ದಿನಕ್ಕೆ ಮುಂಚೆ ಹಡಗು ಏರಿ ಸೆಪ್ಟೆಂಬರ್ 17ರೊಳಗೆ ಅಲ್ಲಿ ನಮೂದಾದ ಸರಕಿಗೆ ಹೆಚ್ಚುವರಿ ಶೇ 25ರಿಂದ ವಿನಾಯಿತಿ ಇತ್ತು. ಹೀಗೆ ಒಂದೊಂದು ಆದೇಶವೂ ಒಂದೊಂದು ರೀತಿ ಇರುವುದರಿಂದ, ಪತ್ರಿಕೆಯ ತಲೆಬರಹವನ್ನು ಓದಿ ಬೆಲೆ ಹೇಳಬಾರದು.

ಎರಡನೆಯ ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ನೀವು ಹೇಳುವ ಶೇ 50 ಎರಡು ಬೇರೆ ಮೂಲಗಳಿಂದ ಬರಬಹುದು. ಒಂದು, ಭಾರತದ ಮೇಲೆ ಆಗಸ್ಟ್ 7ರಿಂದ ಹಾಕಿದ ಶೇ 25 ಮತ್ತು ರಷ್ಯಾದ ತೈಲ ಖರೀದಿಯ ಕಾರಣ ಕೊಟ್ಟು ಆಮೇಲೆ ಸೇರಿಸಿದ ಶೇ 25. ಇನ್ನೊಂದು, ಬಹುತೇಕ ಎಲ್ಲ ದೇಶಗಳ ಉಕ್ಕಿನ ಮೇಲೂ ಇರುವ ಶೇ 50. ಉಕ್ಕಿನ ಸುಂಕ ಬಿದ್ದ ಮೌಲ್ಯದ ಮೇಲೆ ಮೊದಲನೆಯದು ಮತ್ತೆ ಬೀಳುವುದಿಲ್ಲ. ಆಗಸ್ಟ್ 18ರಂದು ಸರಕಿನ ಬಗೆಯನ್ನು ಗುರುತಿಸುವ ನಾಲ್ಕು ನೂರಕ್ಕೂ ಹೆಚ್ಚು ಕಸ್ಟಮ್ಸ್ ಸಂಕೇತಗಳನ್ನು ಉಕ್ಕು ಮತ್ತು ಅಲ್ಯೂಮಿನಿಯಂ ಪಟ್ಟಿಗೆ ಸೇರಿಸಿದ್ದಾರೆ. ಆದ್ದರಿಂದ ನಿಮ್ಮ ಭಾಗ ಅಲ್ಲಿ ಯಾವ ಸಂಕೇತದಡಿ ನಮೂದಾಗುತ್ತದೆ ಎಂಬುದನ್ನು ಗ್ರಾಹಕರಿಂದಲೇ ಬರೆಸಿಕೊಳ್ಳಿ. ಅದು ಉಕ್ಕಿನ ಪಟ್ಟಿಯಲ್ಲಿದ್ದರೆ ವಿಯೆಟ್ನಾಂನವರೂ ಅದೇ ಶೇ 50 ಕಟ್ಟಬೇಕು, ಗ್ರಾಹಕರ ಬೆದರಿಕೆಗೆ ಅಷ್ಟು ಬಲವಿಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೆ ಇಂದಿನ (2025ರ ಸೆಪ್ಟೆಂಬರ್) ದರದಂತೆ ವಿಯೆಟ್ನಾಂಗೆ ಶೇ 20, ನಮಗೆ ಶೇ 50, ಆಗ ಅವರ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಾಗುತ್ತದೆ. ಆದರೆ ದೆಹಲಿ ಮತ್ತು ವಾಷಿಂಗ್ಟನ್ ನಡುವಿನ ಮಾತುಕತೆ ಫಲಿಸಿದರೆ ಇಳಿಯುವ ಸಾಧ್ಯತೆ ಹೆಚ್ಚಿರುವುದೂ ಅದೇ ಸುಂಕ. ಹಾಗಾಗಿ ರಿಯಾಯಿತಿ ಕೊಡುವುದಾದರೆ ಅವಧಿ ಬರೆದು ಕೊಡಿ. ಒಮ್ಮೆ ಇಳಿಸಿದ ಬೆಲೆ ಸುಂಕ ಇಳಿದ ಮೇಲೆ ತಾನಾಗಿ ಏರಿದ್ದನ್ನು ನನ್ನ ಇಪ್ಪತ್ತೆರಡು ವರ್ಷಗಳಲ್ಲಿ ನಾನು ಕಂಡಿಲ್ಲ.

ಉತ್ತರ: ವಿಜಯಪುರ. ಉಳ್ಳಾಗಡ್ಡಿ ವ್ಯಾಪಾರಿ

ನಮ್ಮದು ಬೇರೆ ಸರಕು, ಆದರೆ ನೋವು ಒಂದೇ. ಕಠಿಣ ಧೋರಣೆ ಯಾವಾಗಲೂ ಹೊರಗಿನ ಸರ್ಕಾರದಿಂದಲೇ ಬರುತ್ತದೆ ಎಂದು ತಿಳಿಯಬೇಡಿ. 2023ರ ಆಗಸ್ಟ್‌ನಲ್ಲಿ ನಮ್ಮ ಸರ್ಕಾರವೇ ಉಳ್ಳಾಗಡ್ಡಿ ರಫ್ತಿನ ಮೇಲೆ ಶೇ 40 ಸುಂಕ ಹಾಕಿತು, ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರ್ ಕನಿಷ್ಠ ರಫ್ತು ಬೆಲೆ ನಿಗದಿ ಮಾಡಿತು, ಡಿಸೆಂಬರ್ ಮೊದಲ ವಾರದಲ್ಲಿ ರಫ್ತನ್ನೇ ನಿಷೇಧಿಸಿತು. ದೇಶದೊಳಗೆ ಬೆಲೆ ಏರಬಾರದೆಂಬ ಉದ್ದೇಶ ಅರ್ಥವಾಗುತ್ತದೆ. ಆದರೆ ಬಸವನ ಬಾಗೇವಾಡಿ ಕಡೆಯ ರೈತರಿಂದ ಖರೀದಿಸಿದ ಎರಡು ಲಾರಿ ಮಾಲು ಅಂದು ಮುಂಬೈ ದಾರಿಯಲ್ಲಿತ್ತು.

ಆಗಲೇ ಕಸ್ಟಮ್ಸ್ ವಶಕ್ಕೆ ಒಪ್ಪಿಸಿ ದಾಖಲಾಗಿದ್ದ ಮಾಲಿಗೆ ಜನವರಿ 5ರವರೆಗೆ ಹೋಗಲು ಅವಕಾಶವಿತ್ತು. ನಮ್ಮದು ಬಂದರಿನ ಗೇಟನ್ನೂ ಮುಟ್ಟಿರಲಿಲ್ಲ. ರಫ್ತುದಾರರು ಮಾಲು ಇಳಿಸಿಕೊಳ್ಳಲು ಒಪ್ಪಲಿಲ್ಲ, ನಮ್ಮಿಬ್ಬರ ನಡುವಿನ ಕರಾರಿನಲ್ಲಿ ನಿಷೇಧವಾದರೆ ನಷ್ಟ ಯಾರದು ಎಂಬ ಮಾತೇ ಇರಲಿಲ್ಲ. ಮೂರು ದಿನ ತಾಡಪತ್ರಿಯ ಕೆಳಗೆ ನಿಂತ ಲಾರಿಯ ಕೆಳಗಿನ ಸಾಲಿನ ಚೀಲಗಳಿಂದ ನೀರು ಒಸರತೊಡಗಿತ್ತು, ಗಡ್ಡೆ ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಸಿಕ್ಕ ದರಕ್ಕೆ ಅಲ್ಲಿಯೇ ಮಾರಿದೆವು. ರೈತರಿಗೆ ಕೊಟ್ಟ ಮಾತಿನಂತೆ ಪೂರ್ತಿ ಹಣ ಕೊಡಲು ಮನೆಯ ಬಂಗಾರ ಅಡವಿಟ್ಟೆ. 2024ರ ಮೇ 4ರಂದು ನಿಷೇಧ ತೆಗೆದರು, ಕೊನೆಯ ಶೇ 20 ಸುಂಕ 2025ರ ಏಪ್ರಿಲ್ 1ಕ್ಕೆ ಹೋಯಿತು. ಅಂದಿನಿಂದ ಪ್ರತಿ ಕರಾರಿನಲ್ಲೂ ಒಂದು ಸಾಲು ಹಾಕಿಸುತ್ತೇನೆ: ಲಾರಿ ಹೊರಟ ಮೇಲೆ ಯಾವ ಸರ್ಕಾರ ಯಾವ ನಿಯಮ ಬದಲಿಸಿದರೂ ನಷ್ಟ ಇಬ್ಬರಿಗೂ ಅರ್ಧರ್ಧ. ಈ ಸಾಲಿಗೆ ಒಪ್ಪದವರಿಗೆ ನಾನು ಮಾಲು ತುಂಬುವುದಿಲ್ಲ.

ಉತ್ತರ: ಬಾಗಲಕೋಟೆ. ನಿವೃತ್ತ ಬ್ಯಾಂಕ್ ಅಧಿಕಾರಿ, ನವೆಂಬರ್ 2025ರ ಕೊನೆ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮೆ ಇರಲಿ. ಸರಕು ಹೋದ ಮೇಲೆ ರಿಯಾಯಿತಿ ಕೊಡುವುದಾದರೆ ಕೇವಲ ಇಮೇಲ್ ಸಾಲದು. ಶಿಪ್ಪಿಂಗ್ ಬಿಲ್ಲಿನ (ರಫ್ತಿಗಾಗಿ ಕಸ್ಟಮ್ಸ್‌ಗೆ ಕೊಡುವ ಘೋಷಣೆಯ) ಮೊತ್ತಕ್ಕೂ ಬಂದ ಹಣಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಬ್ಯಾಂಕಿಗೆ ಕಾರಣ ಸಹಿತ ಬರೆದು ಒಪ್ಪಿಗೆ ಪಡೆಯದಿದ್ದರೆ, ರಫ್ತಿನ ಹಣ ಬಂದಿದೆಯೇ ಎಂದು ನೋಡುವ ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್ ದಾಖಲೆಯಲ್ಲಿ ಆ ಬಿಲ್ಲು ಬಾಕಿಯಾಗಿಯೇ ಉಳಿಯುತ್ತದೆ ಮತ್ತು ಮುಂದಿನ ಸಾಲಕ್ಕೆ ಹೋದಾಗ ಅದೇ ಅಡ್ಡ ಬರುತ್ತದೆ. ರಫ್ತಿನ ಹಣ ತರಿಸಿಕೊಳ್ಳುವ ಗಡುವನ್ನು ಈ ತಿಂಗಳು 9ರಿಂದ 15 ತಿಂಗಳಿಗೆ ಏರಿಸಿದ್ದಾರೆ. ಗ್ರಾಹಕರಿಗೆ ಇದನ್ನು ನೀವಾಗಿ ಹೇಳಲು ಹೋಗಬೇಡಿ, ಅವರು ಅಷ್ಟೂ ಕಾಲ ಹಣ ಹಿಡಿದಿಟ್ಟಾರು. ಇನ್ನೊಂದು ಅತಿ ಮುಖ್ಯ. ಬಿಲ್ಲಿನಲ್ಲಿ ಬೆಲೆ ಕಡಿಮೆ ತೋರಿಸಿ, ಉಳಿದದ್ದನ್ನು ಬೇರೆ ದೇಶದ ಪರಿಚಯದವರ ಮೂಲಕ ಕಳಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಅಲ್ಲಿ ಸುಂಕ ವಂಚನೆ, ಇಲ್ಲಿ ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾ ಉಲ್ಲಂಘನೆ. ನಮ್ಮ ಶಾಖೆಯಲ್ಲಿ ಹೀಗೆ ಸಿಲುಕಿದ ಒಂದು ಒಳ್ಳೆಯ ಮನೆತನ ಆರು ವರ್ಷ ನೋಟಿಸುಗಳಿಗೆ ಉತ್ತರಿಸುವುದರಲ್ಲಿಯೇ ಸವೆಯಿತು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಮಚ್ಛೆಯ ಹಿರಿಯರು ಹೇಳಿದಂತೆ ಸಂಕೇತ ಕೇಳಿದಾಗ ಉತ್ತರ ಬರಲು ಮೂರು ವಾರ ಹಿಡಿಯಿತು. ನಮ್ಮ ಒಂಬತ್ತು ಬಗೆಯ ಭಾಗಗಳಲ್ಲಿ ಏಳು ಉಕ್ಕಿನ ಪಟ್ಟಿಯಲ್ಲಿಯೇ ಇದ್ದವು. ಅವುಗಳಿಗೆ ಶೇ 4, ಉಳಿದ ಎರಡಕ್ಕೆ ಶೇ 9 ರಿಯಾಯಿತಿ, ಮಾರ್ಚ್ 31ರವರೆಗೆ ಮಾತ್ರ, ಎಫ್‌ಒಬಿ ಷರತ್ತಿನಲ್ಲಿ ಬದಲಾವಣೆ ಇಲ್ಲ ಎಂದು ಬರೆದೆ. ಒಪ್ಪಿದ್ದಾರೆ. ಎಂಟು ಪೆಟ್ಟಿಗೆಗಳು ಹೋಗಿವೆ. ಉಳಿದ ಮೂರರಲ್ಲಿರುವುದು ಆ ಎರಡು ಬಗೆಯ ಭಾಗಗಳು, ಅವನ್ನು ಜನವರಿಯವರೆಗೆ ತಡೆಹಿಡಿಯಲು ಕೇಳಿದ್ದಾರೆ. ವಿಜಯಪುರದ ಸಾಹೇಬರ ಆ ಒಂದು ಸಾಲನ್ನು ಹೊಸ ಆರ್ಡರಿನಲ್ಲಿ ಸೇರಿಸಿ ಕಳುಹಿಸಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.